ಗಾಜು ತಟ್ಟುವ ಗೇಟಕ್ಕ

ಗೇಟಕ್ಕ ನಮ್ಮ ಶಾಲೆಗೆ ಮೊದಲ ದಿನ ಬಂದದ್ದು ಕಂಕುಳಲ್ಲಿ ಮಡಚುವ ಸ್ಟೂಲೊಂದನ್ನು ಇರುಕಿಕೊಂಡು. ಆಫೀಸು ಕೋಣೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ, ಒಂದು ಕಾಲಿನದನ್ನು ಬಿಟ್ಟು ಇನ್ನೊಂದನ್ನು ಮೆಟ್ಟಿಕೊಂಡೇ ನಿಂತಿದ್ದರು. ಹೆಡ್ ಮೇಡಂ ಕನ್ನಡಕದ ಮೇಲಿನಿಂದ ನೋಡಿದರು.

“ಇದೇನಮ್ಮಾ, ಸ್ಟೂಲು?”

“ಕೂತ್ಕೊಳ್ಳೋಕೆ ಮೇಡಂ. ಗೇಟಿನ ಕೆಲಸ ಅಂದ್ರೆ ಕೂತು ಮಾಡೋ ಕೆಲಸ ಅಂತ ನಮ್ಮವರು ಹೇಳಿದ್ರು.”

“ನಿಮ್ಮವರು ವ್ಯಾನಲ್ಲಿ ಕೂತೇ ಸಂಬಳ ತಗೊಳ್ತಾರಲ್ಲ, ಎಲ್ಲರದ್ದೂ ಹಾಗೇ ಅಂದ್ಕೊಂಡಿರ್ತಾರೆ. ಇಲ್ಲಿ ಕೂತ್ರೆ ಮಕ್ಕಳು ನಿಮ್ಮ ತಲೆ ಮೇಲೆ ಹತ್ತಿ ಆಚೆ ಹೋಗ್ತಾರೆ. ಅದನ್ನ ಸ್ಟೋರ್ ರೂಮಲ್ಲಿ ಇಟ್ಟು ಬನ್ನಿ.”

ಸ್ಟೂಲು ಸ್ಟೋರ್ ರೂಮು ಸೇರಿತು. ಗೇಟಕ್ಕ ಗೇಟಿಗೆ ಹೋಗಿ ನಿಂತರು. ಅದಕ್ಕೂ ಮುಂಚೆ ಅವರು ಒಂದು ಬಟ್ಟೆ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ ವರ್ಷಗಟ್ಟಲೆ ನಿಂತೇ ದುಡಿದವರು. ಮಂಡಿ ಸವೆಯಿತು, ಇನ್ನು ಕೂತು ಮಾಡುವ ಕೆಲಸವಾದರೆ ಮಾತ್ರ ಸೈ ಎಂದು ಮನೆಯಲ್ಲಿ ಹಟ ಹಿಡಿದಾಗ, ನಮ್ಮ ಶಾಲೆಯ ವ್ಯಾನು ಓಡಿಸುತ್ತಿದ್ದ ಅವರ ಯಜಮಾನರು ಈ ಕೆಲಸ ಗೊತ್ತು ಮಾಡಿಕೊಟ್ಟಿದ್ದರು. ಮಕ್ಕಳು ಆತನನ್ನು ‘ವ್ಯಾನ್ ಮಾಮ’ ಎನ್ನುತ್ತಿದ್ದವು. ಈಕೆಗೆ ವಾರದೊಳಗೇ ‘ಗೇಟಕ್ಕ’ ಎಂಬ ಹೆಸರು ಬಿತ್ತು. ಆಮೇಲೆ ಟೀಚರುಗಳೂ, ಹೆಡ್ ಮೇಡಮ್ಮೂ, ಎದುರಿನ ಜೆರಾಕ್ಸ್ ಅಂಗಡಿಯವನೂ ಹಾಗೇ ಕರೆದರು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಿತು.

ನಮ್ಮ ಶಾಲೆ ಚಿಕ್ಕದು, ಬೀದಿ ಅದಕ್ಕಿಂತ ಚಿಕ್ಕದು. ಎರಡು ಕಾರು ಎದುರುಬದುರಾದರೆ ಇಬ್ಬರೂ ಕನ್ನಡಿ ಮಡಚಿ, ಮುಖ ಸಿಂಡರಿಸಿ ದಾಟಬೇಕು. ಶಾಲೆ ಬಿಡುವ ಹೊತ್ತಿಗೆ ಬೀದಿಯ ಎರಡೂ ಬದಿಗೆ ಗಾಡಿಗಳು ಸಾಲು ಹಿಡಿಯುತ್ತಿದ್ದವು. ಒಂದನೆಯ ಮತ್ತು ಎರಡನೆಯ ತರಗತಿಯವರನ್ನು ಮೊದಲು ಬಿಡುವುದು, ದೊಡ್ಡವರನ್ನು ಒಂದು ಪೀರಿಯಡ್ ತಡವಾಗಿ ಬಿಡುವುದು ನಮ್ಮಲ್ಲಿನ ಪದ್ಧತಿ. ಹೀಗಾಗಿ ಆ ಕೊನೆಯ ಪೀರಿಯಡ್ ಪೂರ್ತಿ ಬೀದಿಯಲ್ಲಿ ಯಾರಾದರೂ ಯಾರಿಗಾದರೂ ಕಾಯುತ್ತಲೇ ಇರುತ್ತಿದ್ದರು. ಕಾಯುವವರ ಎಂಜಿನ್ನುಗಳೂ ಅವರ ಜೊತೆಗೇ ಗುಡುಗುಟ್ಟುತ್ತ ಕಾಯುತ್ತಿದ್ದವು. ಬೀದಿಗೆ ತೆರೆದುಕೊಂಡದ್ದು ಮೂರನೆಯ ತರಗತಿಯ ಕಿಟಕಿಗಳು. ತೆರೆದರೆ ಹೊಗೆ, ಮುಚ್ಚಿದರೆ ಧಗೆ. ಮೂರನೆಯ ತರಗತಿಯ ಟೀಚರು ಒಂದು ದಿನ ಹೆಡ್ ಮೇಡಂ ಎದುರು ಕೂತು, “ಪದ್ಯ ಓದಿಸಿದ್ರೆ ಸಾಲಿಗೊಂದು ಕೆಮ್ಮು ಮೇಡಂ. ಕೆಮ್ಮಿನ ಮಧ್ಯೆ ಪದ್ಯ ಹುಡುಕಬೇಕು,” ಎಂದರು.

ಆ ಕೆಲಸವೂ ಗೇಟಕ್ಕನ ತಲೆಗೇ ಬಂತು.

ಮೊದಲು ಒಂದು ತಗಡಿನ ಫಲಕ ಬರೆಸಲಾಯಿತು: ‘ದಯವಿಟ್ಟು ಎಂಜಿನ್ ಆರಿಸಿ. ಒಳಗೆ ಮಕ್ಕಳಿದ್ದಾರೆ.’ ಡ್ರಾಯಿಂಗ್ ಮೇಷ್ಟ್ರು ಉತ್ಸಾಹದಿಂದ ಅದರ ಕೆಳಗೆ ಮೂಗಿಗೆ ಕೈ ಹಿಡಿದ ಮಗುವಿನ ಚಿತ್ರ ಬರೆದರು. ಅದು ಬಾಳೆಹಣ್ಣು ತಿನ್ನುತ್ತಿರುವ ಮಗುವಿನಂತೆ ಬಂತು. “ಇನ್ಮೇಲೆ ಡಬ್ಬಿಗೆ ಹಣ್ಣೇ ಹಾಕಬೇಕಾ ಅಕ್ಕಾ?” ಎಂದು ಕೇಳಿದ ತಾಯಂದಿರೂ ಇದ್ದರು. ಫಲಕವನ್ನು ಓದಿ ಎಂಜಿನ್ ಆರಿಸಿದವರು ಮಾತ್ರ ಯಾರೂ ಇರಲಿಲ್ಲ. ಕೊನೆಗೆ ಗೇಟಕ್ಕನೇ ಗಾಡಿಯಿಂದ ಗಾಡಿಗೆ ಹೋಗಿ ಕಿಟಕಿಯ ಗಾಜು ತಟ್ಟಿ ಹೇಳಬೇಕೆಂದಾಯಿತು.

ಹೇಳುವುದು ಸುಲಭವಲ್ಲ. ಒಳಗೆ ಏಸಿ ಹಾಕಿಕೊಂಡು ಕೂತವರು ಗಾಜು ಇಳಿಸುವುದಿಲ್ಲ. ಇಳಿಸಿದರೆ ಹೊಗೆ ಒಳಗೆ ಬರುತ್ತದೆಯಂತೆ. ಆ ಹೊಗೆ ಯಾರದೆಂದು ಕೇಳಲು ಗೇಟಕ್ಕನಿಗೆ ಧೈರ್ಯ ಸಾಲದು. ಗಾಜಿನಾಚೆಯಿಂದ ಎಷ್ಟು ಕೂಗಿದರೂ ಒಳಗಿನವರು ನಕ್ಕು ತಲೆಯಾಡಿಸುತ್ತಿದ್ದರು. ಅದಕ್ಕೆಂದೇ ಅವರು ಒಂದು ಸನ್ನೆ ಕಂಡುಕೊಂಡರು: ಹೆಬ್ಬೆರಳು, ತೋರುಬೆರಳು ಜೋಡಿಸಿ ಕೀ ತಿರುಗಿಸಿದಂತೆ ಗಾಳಿಯಲ್ಲಿ ಒಂದು ತಿರುವು. ಅದನ್ನು ನೋಡಿ ಕೆಲವರು ಆರಿಸಿದರು, ಕೆಲವರು ಹಿಂದಿನ ಸೀಟಿನ ಮಗುವಿಗೆ ತೋರಿಸಿ ನಕ್ಕರು. ಮಕ್ಕಳು ಆಟದ ಬಯಲಿನಲ್ಲಿ ಅದೇ ಸನ್ನೆ ಮಾಡಿ ಒಬ್ಬರ ಬಾಯಿ ಒಬ್ಬರು ಮುಚ್ಚಿಸತೊಡಗಿದರು.

ಇನ್ನು ನೆಪಗಳು. ಒಬ್ಬರ ಬ್ಯಾಟರಿ ವೀಕು. ಒಬ್ಬರದು ಹೊಸ ಗಾಡಿ, ಅದರಿಂದ ಹೊಗೆಯೇ ಬರುವುದಿಲ್ಲ. ಒಬ್ಬರು ಈಗ ತಾನೇ ಆರಿಸಬೇಕೆಂದಿದ್ದರು, ಇವರು ಹೇಳಿದ್ದಕ್ಕೇ ಬೇಜಾರಾಗಿ ಇನ್ನು ಆರಿಸುವುದಿಲ್ಲ. ಒಬ್ಬ ಅಜ್ಜ ಎಂಜಿನ್ ಹಾಕಿಕೊಂಡೇ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿದರೆ, “ಆ ಸದ್ದು ನಿಂತ್ರೆ ನಿದ್ದೆ ಬರಲ್ಲ ತಾಯಿ,” ಎಂದು ಕೈಮುಗಿದರು. ಗೇಟಕ್ಕ ನಗುತ್ತಿದ್ದರು, ನಕ್ಕು ಮುಂದಿನ ಗಾಡಿಗೆ ಹೋಗುತ್ತಿದ್ದರು, ಸಾಲಿನ ಕೊನೆ ಮುಟ್ಟಿ ತಿರುಗಿ ನೋಡುವಷ್ಟರಲ್ಲಿ ಮೊದಲನೆಯ ಗಾಡಿ ಮತ್ತೆ ಗುಡುಗುಡು ಎನ್ನುತ್ತಿತ್ತು. ಸಂಜೆ ಮನೆಗೆ ಹೋಗಿ ಮೂಗು ಒರೆಸಿಕೊಂಡರೆ ಕರವಸ್ತ್ರ ಕಪ್ಪಗಾಗುತ್ತಿತ್ತು.

ಇದೆಲ್ಲವನ್ನೂ ಅವರು ಹೇಗೋ ನುಂಗಿಕೊಂಡಾರು. ನುಂಗಲಾರದ್ದು ಒಂದಿತ್ತು. ಇಡೀ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಬಂದು, ಸರಿಯಾಗಿ ಮೂರನೆಯ ತರಗತಿಯ ಕಿಟಕಿಯ ಕೆಳಗೇ ನಿಂತು, ಎಲ್ಲರಿಗಿಂತ ಹೆಚ್ಚು ಹೊತ್ತು ಹೊಗೆ ಉಗುಳುತ್ತಿದ್ದದ್ದು ಶಾಲೆಯ ವ್ಯಾನು. ಚಿಕ್ಕವರನ್ನು ಹತ್ತಿಸಿಕೊಂಡು ದೊಡ್ಡವರು ಬರುವವರೆಗೆ ಆ ಒಂದು ಪೀರಿಯಡ್ ಪೂರ್ತಿ ಅದು ಎಂಜಿನ್ ಆರಿಸದೆ ನಡುಗುತ್ತ ನಿಂತಿರುತ್ತಿತ್ತು. ಸ್ಟಿಯರಿಂಗಿನ ಹಿಂದೆ ಗೇಟಕ್ಕನ ಯಜಮಾನರು ಎದುರಿನ ಗೋಡೆ ನೋಡುತ್ತ ಕೂತಿರುತ್ತಿದ್ದರು.

ಬೀದಿಯಲ್ಲಿ ದಿನವೂ ಬರುತ್ತಿದ್ದ ಗಡ್ಡದ ಟ್ಯಾಕ್ಸಿಯವನೊಬ್ಬನಿದ್ದ. ಅವನ ಬಾಯಿಗೆ ಬೇಲಿಯೇ ಇಲ್ಲ. ಗೇಟಕ್ಕ ಗಾಜು ತಟ್ಟಿದ ಕೂಡಲೇ ತಲೆ ಹೊರಗೆ ಹಾಕುತ್ತಿದ್ದ.

“ಅಕ್ಕಾ, ಮೊದಲು ಮನೆ ಎಂಜಿನ್ ಆರಿಸು. ಆಮೇಲೆ ಬೀದಿ ಎಂಜಿನ್ ನೋಡೋಣ!”

ಸುತ್ತಲಿನವರೆಲ್ಲ ಗೊಳ್ಳೆಂದು ನಗುತ್ತಿದ್ದರು. ಗೇಟಕ್ಕ ತಲೆ ತಗ್ಗಿಸಿ ಮುಂದಿನ ಗಾಜಿಗೆ ಹೋಗುತ್ತಿದ್ದರು.

ಮನೆಯಲ್ಲಿ ಕೇಳದೆ ಇರಲಿಲ್ಲ. ಒಂದು ಕೋಣೆ, ಒಂದು ಅಡುಗೆಮನೆಯ ಮನೆ. ಮಾತನ್ನು ತಪ್ಪಿಸಿಕೊಂಡು ಹೋಗಲು ಅಲ್ಲಿ ಜಾಗ ಕಡಿಮೆ.

“ರೀ, ವ್ಯಾನಿನ ಸೆಲ್ಫ್ ಸ್ಟಾರ್ಟರ್ ಏನಾದ್ರೂ ಕೆಟ್ಟಿದೆಯಾ?”

“ಚೆನ್ನಾಗೇ ಇದೆ.”

“ಮತ್ತೆ ಆರಿಸೋಕೇನು?”

“ಮಕ್ಕಳಿಗೆ ಫ್ಯಾನ್ ಬೇಡ್ವಾ? ಸೆಖೆಗೆ ಸಾಯ್ಬೇಕಾ ಅವು?”

“ಫ್ಯಾನ್ ತಿರುಗೋದೇ ನಿಮ್ಮ ಮುಖಕ್ಕೆ. ಹಿಂದೆ ಕೂತವಕ್ಕೆ ಅದರ ಸದ್ದು ಮಾತ್ರ.”

“ಗಾಡಿ ವಿಷಯ ನಂಗೆ ಬಿಡೇ. ನಾನೇನು ನಿನ್ನ ಗೇಟಿನ ವಿಷಯಕ್ಕೆ ಬರ್ತೀನಾ?”

ಅಷ್ಟು ಹೇಳಿ ಆತ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಸಿಟ್ಟಿನ ಮನುಷ್ಯನಲ್ಲ. ಮದುವೆಯಾದಂದಿನಿಂದ ಗೇಟಕ್ಕ ಅವರ ಜೋರು ದನಿ ಕೇಳಿದ್ದು ಅಪರೂಪ. ಆದರೆ ಈ ಒಂದು ವಿಷಯಕ್ಕೆ ಬಂದರೆ ಮುಖ ಕಲ್ಲಾಗುತ್ತಿತ್ತು. ಹಾಗೆಯೇ ಎದ್ದು ಹೋಗುತ್ತಿದ್ದದ್ದು ಇನ್ನೊಂದು ಮಾತಿಗೆ ಮಾತ್ರ. ಕೆಲವು ವರ್ಷಗಳ ಹಿಂದೆ, ಹಳೆಯ ವ್ಯಾನು ಇದ್ದಾಗ, ರೈಲು ಹಳಿಯ ಕೆಳಗಿನ ರಸ್ತೆಯಲ್ಲಿ ಮಳೆ ನೀರು ತುಂಬಿ ವ್ಯಾನು ನಿಂತುಹೋಗಿತ್ತು. ವ್ಯಾನ್ ಮಾಮ ಮಕ್ಕಳನ್ನೆಲ್ಲ ಹೆಗಲ ಮೇಲೆ ಹೊತ್ತು ದಾಟಿಸಿದ್ದರು. ಶಾಲೆಯಲ್ಲಿ ಎಲ್ಲರನ್ನೂ ಸೇರಿಸಿ ಚಪ್ಪಾಳೆ ತಟ್ಟಿಸಿದ್ದರು. ಗೇಟಕ್ಕನಿಗೆ ಆ ಕಥೆಯೆಂದರೆ ಪ್ರಾಣ. ನೆಂಟರು ಬಂದರೆ ಸಾಕು, “ನೀರು ಸೊಂಟದವರೆಗೆ ಬಂದಿತ್ತಂತೆ,” ಎಂದು ಶುರು ಮಾಡುವರು. ಹೇಳಿ ಹೇಳಿ ನೀರು ಎದೆಯವರೆಗೆ ಏರಿತ್ತು. ಕಥೆ ಶುರುವಾದ ಕೂಡಲೇ ಆತ ಎದ್ದು ಹೊರಗೆ ಹೋಗುವರು. ನಾಚಿಕೆಯ ಮನುಷ್ಯ, ಹೊಗಳಿಕೆ ತಡೆಯದು ಎಂದು ಆಕೆ ನೆಂಟರಿಗೆ ಕಣ್ಣು ಮಿಟುಕಿಸುವರು.

ಬೇಸಗೆ ಏರಿತು. ಒಂದು ಮಧ್ಯಾಹ್ನ ಹೆಡ್ ಮೇಡಂ ಗೇಟಕ್ಕನನ್ನು ಒಳಗೆ ಕರೆದು ಬಾಗಿಲು ಮುಂದಕ್ಕೆ ಎಳೆದರು.

“ಗೇಟಕ್ಕಾ, ಬೇಜಾರು ಮಾಡ್ಕೋಬೇಡಿ. ಕಮಿಟಿಯವರು ಕೇಳ್ತಿದಾರೆ. ಶಾಲೆ ವ್ಯಾನೇ ಆರಿಸಲ್ಲ ಅಂದ್ರೆ ಬೇರೆಯವರಿಗೆ ಯಾವ ಮುಖ ಇಟ್ಕೊಂಡು ಹೇಳೋದು ಅಂತ. ರಜೆ ಮುಗಿದ ಮೇಲೆ ವ್ಯಾನು, ಡ್ರೈವರು ಎರಡೂ ಬದಲಾಯಿಸೋಣ ಅಂತಿದಾರೆ.”

“ನೀವೇ ಅವರಿಗೆ ಒಂದು ಮಾತು ಹೇಳಿ ಮೇಡಂ.”

“ಹೇಳಿದೆ. ‘ಆಗ್ಲಿ ಮೇಡಂ’ ಅಂದ್ರು. ಮಾರನೇ ದಿನ ಯಥಾಪ್ರಕಾರ. ನೀವಾದ್ರೆ ಹೆಂಡತಿ, ನಿಮ್ಮ ಮಾತು ಕೇಳಬಹುದು.”

ಗೇಟಕ್ಕ ಹೊರಗೆ ಬಂದು ಗೇಟು ಹಿಡಿದು ನಿಂತರು. ಗಂಡನಿಗೆ ಆ ವ್ಯಾನಲ್ಲದೆ ಬೇರೆ ಲೋಕವಿಲ್ಲ ಎಂದು ಅವರಿಗೆ ಗೊತ್ತು. ಭಾನುವಾರವೂ ಹೋಗಿ ಅದರ ಗಾಜು ಒರೆಸಿ ಬರುವ ಮನುಷ್ಯ. ಕೆಲಸ ಹೋಗುತ್ತದೆ ಎಂದು ಹೆಂಡತಿಯ ಬಾಯಿಂದ ಹೇಳಿದರೆ ಕುಸಿದುಹೋಗುತ್ತಾರೆ. ಹೇಳದಿದ್ದರೆ ಹೋಗಿಯೇ ಹೋಗುತ್ತದೆ. ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿದ್ದಷ್ಟೇ ಬಂತು. ಮರುದಿನ ಕಣ್ಣು ಉರಿ, ಮಂಡಿ ನೋವು, ತಲೆಯಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತೆ ಸದ್ದು. ಆ ದಿನವೇ ಅದು ನಡೆಯಿತು.

ಚಿಕ್ಕವರೆಲ್ಲ ವ್ಯಾನು ಹತ್ತಿದ್ದರು. ಎಂಜಿನ್ ಎಂದಿನಂತೆ ಗುಡುಗುತ್ತಿತ್ತು. ಎರಡನೆಯ ತರಗತಿಯ ಹುಡುಗಿಯೊಬ್ಬಳ ಚೀಲದ ಪಟ್ಟಿ ಹಿಂದಿನ ಬಾಗಿಲಿಗೆ ಸಿಕ್ಕಿಕೊಂಡಿತೆಂದು ವ್ಯಾನ್ ಮಾಮ ಇಳಿದು ಹಿಂದಕ್ಕೆ ಹೋದರು. ಗೇಟಕ್ಕ ಆಗ ಸಾಲಿನ ಗಾಡಿಗಳನ್ನೆಲ್ಲ ತಟ್ಟಿ ಮುಗಿಸಿ ಬರುತ್ತಿದ್ದರು. ಗಡ್ಡದವನು ಅಂದು ಮಾತನ್ನು ಸ್ವಲ್ಪ ಬದಲಾಯಿಸಿದ್ದ:

“ಅಕ್ಕಾ, ನಿನ್ ಕೈಯಲ್ಲಿ ಆಗೋದಿಲ್ಲ ಅಂದ್ರೆ ಹೇಳು, ನಿಮ್ಮ ಯಜಮಾನ್ರಿಗೆ ನಾನೇ ಗಾಜು ತಟ್ಟಿ ಹೇಳ್ತೀನಿ!”

ತಾನು ಏನು ಮಾಡಿದೆನೆಂದು ಆಮೇಲೆ ಗೇಟಕ್ಕನಿಗೇ ಸರಿಯಾಗಿ ನೆನಪಿರಲಿಲ್ಲ. ಡ್ರೈವರ್ ಸೀಟಿನ ಕಿಟಕಿಯಲ್ಲಿ ಕೈ ತೂರಿಸಿ, ಕೀ ತಿರುಗಿಸಿ, ಕಿತ್ತುಕೊಂಡು ಶಾಲೆ ಕೊಟ್ಟಿದ್ದ ಖಾಕಿ ಕೋಟಿನ ಜೇಬಿಗೆ ಹಾಕಿಕೊಂಡರು. ಎಂಜಿನ್ ಎರಡು ಸಲ ಒದರಿ ಸುಮ್ಮನಾಯಿತು. ಬೀದಿ ಒಮ್ಮೆಲೇ ನಿಶ್ಶಬ್ದವಾಯಿತು. ಮೂರನೆಯ ತರಗತಿಯಿಂದ ಟೀಚರ ದನಿ ಹೊರಗೆ ಕೇಳಿಸಿತು.

“ಶಭಾಷ್ ಅಕ್ಕಾ!” ಎಂದು ಗಡ್ಡದವನು ಚಪ್ಪಾಳೆ ತಟ್ಟಿದ. ಸ್ಕೂಟರಿನವರು, ಕಾರಿನವರು ನಕ್ಕರು. ಗೇಟಕ್ಕನಿಗೂ ಒಂದು ಕ್ಷಣ ಎದೆ ಉಬ್ಬಿತು. ವ್ಯಾನ್ ಮಾಮ ಹಿಂದಿನಿಂದ ಬಂದರು. ಮುಖ ಬಿಳಿಚಿತ್ತು.

“ಕೀ ಕೊಡು.”

“ದೊಡ್ಡವರು ಬರಲಿ, ಆಮೇಲೆ ಕೊಡ್ತೀನಿ.”

“ಕೊಡೇ. ಮಕ್ಕಳಿದಾವೆ ಒಳಗೆ.”

“ಇರಲಿ ಬಿಡಿ. ಎಂಜಿನ್ ಆರಿಸಿದ್ರೆ ಕರಗಿಹೋಗ್ತಾವಾ?”

ಅಷ್ಟರಲ್ಲಿ ವ್ಯಾನಿನೊಳಗಿನ ಮಕ್ಕಳಿಗೆ ಆಟ ಹೊಳೆಯಿತು. ಯಾರೋ ಒಬ್ಬ ಶುರು ಮಾಡಿದ, ಉಳಿದವರು ಸೇರಿಕೊಂಡರು: “ಕುಯ್ಯ್... ಕುಯ್ಯ್... ಕುಯ್ಯ್...” ಸ್ಟಾರ್ಟ್ ಆಗದ ಗಾಡಿಯ ಸದ್ದು. ಇಡೀ ವ್ಯಾನು ಕುಯ್ಗುಟ್ಟಿ ಕಿಲಕಿಲ ನಕ್ಕಿತು.

ವ್ಯಾನ್ ಮಾಮ ಮತ್ತೆ ಕೀ ಕೇಳಲಿಲ್ಲ. ಹಿಂದಕ್ಕೆ ಹೋಗಿ ಬಾಗಿಲು ಪೂರ್ತಿ ತೆರೆದರು. ಒಂದೊಂದೇ ಮಗುವಿನ ಕಂಕುಳಿಗೆ ಕೈ ಕೊಟ್ಟು ಎತ್ತಿ, ಗೋಡೆಯುದ್ದಕ್ಕೂ ಹೊತ್ತು ನಡೆದು, ಗೇಟಿನೊಳಗೆ ತಂದು ನಿಲ್ಲಿಸತೊಡಗಿದರು. ಏದುಸಿರು ಬಿಡುತ್ತಿದ್ದರು. ಮಕ್ಕಳಿಗೋ ಖುಷಿಯೋ ಖುಷಿ. ಇಳಿಸಿಕೊಂಡ ಇಬ್ಬರು ಮೂವರು ಇನ್ನೊಂದು ಬದಿಯಿಂದ ಓಡಿಹೋಗಿ ಮತ್ತೆ ಹತ್ತಿ, “ಮಾಮಾ, ನನ್ನೂ ಎತ್ತಿ!” ಎಂದು ಕೈ ಚಾಚಿದರು. ಆತ ಅವರನ್ನೂ ಎತ್ತಿ ತಂದರು. ಒಮ್ಮೆ ಎತ್ತಿದ ಮಗುವೇ ಇದು ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಬೀದಿಯಲ್ಲಿ ನಗು ನಿಂತಿತು. ಗಡ್ಡದವನೂ ಗಾಡಿಯಿಂದ ಇಳಿದು ನಿಂತ. ವ್ಯಾನು ಬರಿದಾದ ಮೇಲೆ ಆತ ಒಳಗೆ ಹತ್ತಿ, ಪ್ರತಿ ಸೀಟಿನ ಕೆಳಗೂ ಬಗ್ಗಿ ನೋಡಿ, ಇಳಿದು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತರು.

ಗೇಟಕ್ಕನ ಜೇಬಿನಲ್ಲಿ ಕೀ ಕೆಂಡದಂತೆ ಸುಡುತ್ತಿತ್ತು. ಹತ್ತಿರ ಹೋಗಿ ಕೊಡಹೋದರು. ಆತ ತಲೆಯಲ್ಲಾಡಿಸಿದರು.

“ಇವತ್ತು ನನ್ನ ಕೈಲಿ ಆಗಲ್ಲ.”

ಆ ದಿನ ವ್ಯಾನು ಹೊರಡಲಿಲ್ಲ. ಹೆಡ್ ಮೇಡಂ ಆಫೀಸಿನಲ್ಲಿ ಕೂತು ಮನೆ ಮನೆಗೆ ಫೋನು ಮಾಡಿದರು. ಮೂರನೆಯ ತರಗತಿಯ ಟೀಚರು ಮಕ್ಕಳನ್ನೆಲ್ಲ ಜಗಲಿಯಲ್ಲಿ ಕೂರಿಸಿ ಕಥೆ ಹೇಳಿದರು. ಅಪ್ಪಂದಿರು, ಅಮ್ಮಂದಿರು, ಪಕ್ಕದ ಮನೆಯವರು ಒಬ್ಬೊಬ್ಬರಾಗಿ ಗೊಣಗಿಕೊಂಡು ಬಂದರು. ಬಂದವರೆಲ್ಲ, “ಬೇಗ ಕಳಿಸಿ, ಅರ್ಧ ಕೆಲಸ ಬಿಟ್ಟು ಬಂದಿದೀನಿ,” ಎಂದು ಎಂಜಿನ್ ಹಾಕಿಕೊಂಡೇ ನಿಂತರು. ಅಂಥ ಹೊಗೆಯನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ. ಗೇಟಕ್ಕ ಯಾರ ಗಾಜನ್ನೂ ತಟ್ಟಲಿಲ್ಲ. ಒಂದೊಂದೇ ಮಗುವಿನ ಕೈ ಹಿಡಿದು ಒಪ್ಪಿಸಿದರು, ಬೈಸಿಕೊಂಡರು, ತಲೆ ತಗ್ಗಿಸಿದರು.

ಎಲ್ಲರೂ ಹೋದ ಮೇಲೆ ಟೀಚರು ತಮ್ಮ ಫ್ಲಾಸ್ಕಿನಲ್ಲಿ ಉಳಿದಿದ್ದ ಟೀಯನ್ನು ಎರಡು ಲೋಟಕ್ಕೆ ಹಂಚಿ ಕೊಟ್ಟು ಹೊರಟರು. ಗಂಡ ಹೆಂಡತಿ ಜಗಲಿಯ ಮೇಲೆ ಕೂತರು. ಕೂತ ಕೂಡಲೇ ಗೇಟಕ್ಕನ ಮಂಡಿ ಚುಳ್ಳೆಂದಿತು. ಟೀ ಆರಿತ್ತು.

“ನೀನು ಎಲ್ಲರಿಗೂ ಹೇಳ್ತೀಯಲ್ಲ, ನೀರಿನ ಕಥೆ,” ಎಂದರು ಆತ ಕೊನೆಗೆ. “ಅದರಲ್ಲಿ ಒಂದು ನೀನು ಹೇಳೋದಿಲ್ಲ. ನಿಂಗೆ ಗೊತ್ತಿಲ್ಲ.”

“ಏನು?”

“ಅವತ್ತು ಗಾಡಿಗಳೆಲ್ಲ ಜಾಮ್ ಆಗಿ ನಿಂತಿದ್ವು. ಎಲ್ಲರೂ ಎಂಜಿನ್ ಆರಿಸಿದ್ರು, ನಾನೂ ಆರಿಸಿದೆ. ಸುಮ್ಮನೆ ಡೀಸೆಲ್ ಯಾಕೆ ಸುಡಬೇಕು ಅಂತ. ಆಮೇಲೆ ನೀರು ಬಂತು. ಮುಂದಿನ ಗಾಡಿ ಹೋಯ್ತು, ಪಕ್ಕದ್ದೂ ಹೋಯ್ತು. ನಂದು ಕುಯ್ಯ್ ಕುಯ್ಯ್ ಅಂತು, ಅಷ್ಟೇ. ಹಿಂದೆ ಕೂತ ಮಕ್ಕಳೂ ಕುಯ್ಯ್ ಕುಯ್ಯ್ ಅಂತ ನಗ್ತಿದ್ವು. ನಾನು ಕೀ ತಿರುಗಿಸ್ತಾನೇ ಇದೀನಿ. ನೀರು ಮೆಟ್ಟಿಲಿಗೆ ಬಂದ್ರೂ ನಗ್ತಿದ್ವು ಅವು.”

ಗೇಟಕ್ಕ ಲೋಟ ಕೆಳಗಿಟ್ಟರು.

“ಹೊತ್ತು ದಾಟಿಸಿದೆ, ಸರಿ. ಎಲ್ಲರೂ ಬಂದ್ರು ಅಂತ ಅಂದ್ಕೊಂಡೆ. ಬಾಗಿಲು ತೆರೆದಿದೆಯಲ್ಲ, ಹಾಕಿ ಬರೋಣ ಅಂತ ವಾಪಸ್ ಹೋದೆ. ಅಭ್ಯಾಸ ಅಷ್ಟೇ, ಬೇರೆ ಏನಿಲ್ಲ. ಹೋಗಿ ನೋಡಿದ್ರೆ ಒಂದು ಮಗು ಸೀಟಿನ ಕೆಳಗೆ ಬಗ್ಗಿ ನೀರಲ್ಲಿ ತನ್ನ ಶೂ ಹುಡುಕ್ತಾ ಇದೆ. ‘ಮಾಮಾ, ಒಂದೇ ಸಿಕ್ತು’ ಅಂತು.”

ಬೀದಿಯ ಆಚೆ ಜೆರಾಕ್ಸ್ ಅಂಗಡಿಯವನು ಷಟರ್ ಎಳೆದ ಸದ್ದಾಯಿತು.

“ಇಷ್ಟು ವರ್ಷ ನಂಗೂ ಹೇಳಲಿಲ್ಲವಲ್ಲ.”

“ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ ಕಥೇನ. ಹೇಗೆ ಹೇಳಲಿ?” ಆತ ಕೈಗಳನ್ನು ತೊಡೆಯ ಮಧ್ಯೆ ಇರುಕಿಕೊಂಡರು. “ಮಕ್ಕಳು ಒಳಗಿದ್ದಾಗ ಎಂಜಿನ್ ಸದ್ದು ನಿಂತ್ರೆ ನನ್ನ ಉಸಿರೇ ನಿಂತ ಹಾಗಾಗುತ್ತೆ. ಬಿಸಿಲಲ್ಲಿ, ಒಣ ರಸ್ತೇಲಿ ನಿಂತಿದೀನಿ ಅಂತ ಗೊತ್ತು. ಗೊತ್ತಿದ್ರೂ ಆಗಲ್ಲ.”

ಗೇಟಕ್ಕನಿಗೂ ಅಂದು ಸಾಕುಸಾಕಾಗಿತ್ತು. ಕಮಿಟಿಯವರ ಮಾತನ್ನು ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಅದನ್ನೂ ಹೇಳಿದರು. ಆತ “ಹೂಂ” ಎಂದರು. ನಿರೀಕ್ಷಿಸಿದ್ದವರಂತೆ ಇದ್ದರು. ಗೇಟಕ್ಕ ಜಗಲಿಯುದ್ದಕ್ಕೂ ಕಣ್ಣಾಡಿಸಿದರು, ಖಾಲಿ ವ್ಯಾನಿನ ಕಡೆ ನೋಡಿದರು. ಸ್ವಲ್ಪ ಹೊತ್ತಿನ ಮುಂಚೆ ಮಕ್ಕಳೆಲ್ಲ ಇದೇ ಜಗಲಿಯಲ್ಲಿ ಕೂತು ಕಥೆ ಕೇಳಿದ್ದರು. ವ್ಯಾನು ಅಲ್ಲಿ ಬಾಯಿ ಮುಚ್ಚಿಕೊಂಡು ನಿಂತಿತ್ತು.

“ಮಕ್ಕಳು ಒಳಗಿಲ್ಲದಿದ್ರೆ?” ಎಂದರು.

“ಇಲ್ಲದಿದ್ರೆ ನಂಗೇನು? ಎಷ್ಟು ಹೊತ್ತು ಬೇಕಾದ್ರೂ ಆರಿಸಿ ನಿಲ್ಲಿಸ್ತೀನಿ.”

“ಮತ್ತೆ ಅವನ್ನ ಅಷ್ಟು ಬೇಗ ಯಾಕ್ರೀ ತುಂಬಿಸ್ಕೊಳ್ತೀರಾ?”

“ಯಾವಾಗಲೂ ಹಾಗೇ ಅಲ್ವಾ? ಗೇಟಿನಿಂದ ಆಚೆ ಬಂದ ಮಕ್ಕಳನ್ನ ಎಲ್ಲಿ ಇಡೋದು?”

“ಗೇಟು ಯಾರ ಕೈಯಲ್ಲಿದೆ?”

ಆತ ಮೊದಲ ಸಲ ತಲೆಯೆತ್ತಿ ಹೆಂಡತಿಯ ಮುಖ ನೋಡಿದರು.

ಮರುದಿನ ಬೆಳಿಗ್ಗೆ ಗೇಟಕ್ಕ ಹೆಡ್ ಮೇಡಂ ಮುಂದೆ ನಿಂತರು. ವ್ಯಾನಿನ ಚಿಕ್ಕ ಮಕ್ಕಳು ಬೆಲ್ ಆದ ಮೇಲೆ ಜಗಲಿಯಲ್ಲೇ ಇರಲಿ. ವ್ಯಾನು ಖಾಲಿಯಾಗಿ, ಎಂಜಿನ್ ಆರಿಸಿ ನಿಲ್ಲಲಿ. ದೊಡ್ಡವರು ಬಂದ ಮೇಲೆ ಮೊದಲು ಎಂಜಿನ್ ಹಾಕಿ, ಆಮೇಲೆ ಎಲ್ಲರನ್ನೂ ಒಟ್ಟಿಗೆ ಹತ್ತಿಸಿ ಹೊರಡಲಿ. ಇಷ್ಟೇ ಅವರ ಬೇಡಿಕೆ. ಗಂಡನ ಕಥೆಯನ್ನು ಅವರು ಹೇಳಲಿಲ್ಲ. ಅದು ಶಾಲೆಗೆ ತಿಳಿದದ್ದು ಬಹಳ ದಿನಗಳ ಮೇಲೆ, ಆತನೇ ಒಬ್ಬಿಬ್ಬರಿಗೆ ಹೇಳಿಕೊಂಡಾಗ.

“ಜಗಲಿಯಲ್ಲಿ ಅಷ್ಟು ಮಕ್ಕಳನ್ನ ನೋಡ್ಕೊಳ್ಳೋರು ಯಾರು?” ಎಂದರು ಹೆಡ್ ಮೇಡಂ.

“ನಾನೇ ಮೇಡಂ.”

“ಮತ್ತೆ ಗಾಜು ತಟ್ಟೋದು?”

ಗೇಟಕ್ಕ ಕಿಟಕಿಯಾಚೆಯ ಬೀದಿಯ ಕಡೆ ನೋಡಿದರು.

“ಅದೂ ನಾನೇ.”

ಹೊರಗೆ ಬಂದು ತಮ್ಮ ನಾಲಿಗೆಗೆ ತಾವೇ ಶಾಪ ಹಾಕಿಕೊಂಡರು. ಕೂತು ಮಾಡುವ ಕೆಲಸ ಹುಡುಕಿಕೊಂಡು ಬಂದವರಿಗೆ ಈಗ ನಿಂತು ಮಾಡುವ ಕೆಲಸದ ಮೇಲೆ ಓಡಿ ಮಾಡುವ ಕೆಲಸವೂ ಸೇರಿತು. ಜಗಲಿಯಲ್ಲಿ ಒಬ್ಬನು ಇನ್ನೊಬ್ಬನ ಡಬ್ಬಿ ಕಸಿದುಕೊಂಡಿದ್ದಾನೆ, ಬೀದಿಯಲ್ಲಿ ನಾಲ್ಕು ಗಾಡಿ ಹೊಗೆ ಬಿಡುತ್ತಿವೆ. ಗೇಟಕ್ಕ ಇತ್ತ ಬೈದು ಅತ್ತ ಓಡುವರು, ಅತ್ತ ತಟ್ಟಿ ಇತ್ತ ಬರುವರು. ಮೊದಲ ವಾರ ಸಂಜೆ ಮನೆಗೆ ಹೋದರೆ ಮಾತಾಡಲು ಶಕ್ತಿಯಿರಲಿಲ್ಲ. ವ್ಯಾನ್ ಮಾಮ ಬಿಸಿನೀರಿನ ಚೀಲ ತಂದು ಮಂಡಿಗೆ ಒತ್ತುವರು, ಆಕೆ ಅಲ್ಲೇ ಒರಗಿ ನಿದ್ದೆಹೋಗುವರು.

ಆದರೆ ವ್ಯಾನು ಆರಿತು. ಆರಿಸಿದ ಮೊದಲ ದಿನ ಆತ ಸೀಟಿನಲ್ಲಿ ಕೂರಲಾರದೆ ಇಳಿದು, ವ್ಯಾನಿನ ಸುತ್ತ ಸುಮ್ಮನೆ ತಿರುಗಿದರು. ದೊಡ್ಡವರು ಬಂದು ಎಂಜಿನ್ ಹಾಕಿದಾಗ ಅದು ಒಂದೇ ತಿರುವಿಗೆ ಹೊತ್ತಿಕೊಂಡಿತು. ಗೇಟಕ್ಕ ಮಕ್ಕಳನ್ನು ಸಾಲಾಗಿ ಹತ್ತಿಸಿದರು. ರಜೆ ಮುಗಿದ ಮೇಲೂ ಅದೇ ವ್ಯಾನು, ಅದೇ ಡ್ರೈವರು. ಕಮಿಟಿಯವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಮೂರನೆಯ ತರಗತಿಯ ಟೀಚರು ಕಿಟಕಿಯ ಒಂದು ಬಾಗಿಲನ್ನು ತೆರೆದಿಡತೊಡಗಿದರು. ಎರಡನೆಯದನ್ನು ತೆರೆಯುವಷ್ಟು ಗಾಳಿ ಇನ್ನೂ ಒಳ್ಳೆಯದಾಗಿರಲಿಲ್ಲ.

ಗಡ್ಡದವನಿಗೆ ಹಳೆಯ ಮಾತು ಕೈತಪ್ಪಿತು. ಕೆಲವು ದಿನ ಮೌನವಾಗಿದ್ದು ಹೊಸದು ಹುಡುಕಿದ: “ಅಕ್ಕಾ, ನಾನೂ ಆರಿಸ್ತೀನಿ, ಆದ್ರೆ ಮಾಮ ಬಂದು ನನ್ನನ್ನೂ ಕಂಕುಳಿಗೆ ಕೈ ಕೊಟ್ಟು ಇಳಿಸಬೇಕು!”

“ನಿನ್ನನ್ನ ಎತ್ತೋಕೆ ಅವರೊಬ್ಬರು ಸಾಲಲ್ಲಪ್ಪಾ, ಕ್ರೇನ್ ತರಿಸಬೇಕು,” ಎಂದರು ಗೇಟಕ್ಕ. ಈ ಸಲ ಬೀದಿ ನಕ್ಕದ್ದು ಅವನನ್ನು ನೋಡಿ. ಅವನು ಆರಿಸಿದ. ಆದರೆ ಅಕ್ಕ ಹತ್ತಿರ ಬರುವವರೆಗೆ ಕಾದೇ ಆರಿಸುತ್ತಾನೆ. ಅದು ಅವನ ಮರ್ಯಾದೆಯ ಪ್ರಶ್ನೆ.

ಗೇಟಕ್ಕ ಈಗಲೂ ಅದೇ ಗೇಟಿನಲ್ಲಿದ್ದಾರೆ. ವರ್ಷ ವರ್ಷವೂ ಹೊಸ ಮಕ್ಕಳು ಸೇರುತ್ತವೆ, ಹೊಸ ಅಪ್ಪ ಅಮ್ಮಂದಿರು ಹೊಸ ಗಾಡಿಗಳಲ್ಲಿ ಬರುತ್ತಾರೆ, ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಕಳೆದ ವರ್ಷ ಹೇಳಿ ಹೇಳಿ ದಾರಿಗೆ ತಂದವರ ಮಕ್ಕಳು ಪಾಸಾಗಿ ಬೇರೆ ಶಾಲೆಗೆ ಹೋಗಿರುತ್ತಾರೆ. ದಾರಿಗೆ ಬಂದ ಅಪ್ಪ ಅಮ್ಮಂದಿರೂ ಅವರೊಂದಿಗೆ ಹೋಗಿರುತ್ತಾರೆ. ಬಿಟ್ಟುಬಿಡೋಣ ಎಂದು ಪ್ರತಿ ಜೂನ್ ತಿಂಗಳಲ್ಲೂ ಅವರಿಗೆ ಅನ್ನಿಸುತ್ತದೆ. ಬೆಲ್ ಹೊಡೆದಾಗ ಕೋಟು ಹಾಕಿಕೊಂಡು ಹೊರಡುತ್ತಾರೆ.

ಒಂದು ವ್ಯತ್ಯಾಸವಾಗಿದೆ. ಸದ್ದಿಲ್ಲದ ವ್ಯಾನಿನ ಬಳಿ ಸುಮ್ಮನೆ ನಿಲ್ಲಲಾಗದ ಯಜಮಾನರು ಬೀದಿಯ ಆಚೆ ಬದಿಯ ಗಾಜುಗಳನ್ನು ತಾವು ವಹಿಸಿಕೊಂಡಿದ್ದಾರೆ. ಈಚೆ ಬದಿ ಆಕೆಯದು. ಗಂಡಸು ಬಂದು ತಟ್ಟಿದರೆ ಗಾಜು ಬೇಗ ಇಳಿಯುತ್ತದೆ. ಅದು ಗೇಟಕ್ಕನಿಗೆ ಹೊಟ್ಟೆಯುರಿಯ ವಿಷಯ. ಆದರೆ ಇಳಿದ ಮೇಲೆ ಕೆಲಸ ಕೆಡುತ್ತದೆ. ಆತ ಡ್ರೈವರುಗಳ ಜೊತೆ ಟೈರು, ಮೈಲೇಜು, ಗೇರ್ ಬಾಕ್ಸು ಎಂದು ಮಾತಿಗೆ ನಿಂತುಬಿಡುತ್ತಾರೆ. ಮಾತು ಮುಗಿಯುವವರೆಗೆ ಎಂಜಿನ್ನೂ ನಡೆಯುತ್ತಲೇ ಇರುತ್ತದೆ.

“ರೀ! ಗೇರ್ ಬಾಕ್ಸ್ ಆಮೇಲೆ! ಮೊದಲು ಆರಿಸೋಕೆ ಹೇಳಿ!” ಎಂದು ಗೇಟಕ್ಕ ಈಚೆಯಿಂದ ಕೂಗುತ್ತಾರೆ. ಆತ ಬೆಚ್ಚಿ, ಕೀ ತಿರುಗಿಸುವ ಸನ್ನೆ ಮಾಡುತ್ತಾರೆ. ಆರಿಸಿದರೋ ಇಲ್ಲವೋ ನೋಡುತ್ತ ನಿಲ್ಲಲು ಗೇಟಕ್ಕನಿಗೆ ಪುರಸೊತ್ತಿಲ್ಲ. ಜಗಲಿಯಲ್ಲಿ ಯಾರೋ ಅಳುತ್ತಿದ್ದಾರೆ, ಮುಂದಿನ ಕಾರಿನ ಗಾಜು ಇನ್ನೂ ತಟ್ಟಿಲ್ಲ.